ಜಕಣಿಯ ಸೀರೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ಪರಿಯ ವೇಷ ಹಾಕಿದ್ದೆವು. ಬಿಳಿ ಫ್ರಾಕು, ಬೆನ್ನಿಗೆ ಥರ್ಮೋಕೋಲಿನ ರೆಕ್ಕೆ, ಕೈಯಲ್ಲಿ ಬೇಗಡೆ ಹಚ್ಚಿದ ನಕ್ಷತ್ರದ ಕೋಲು. ಹುಡುಗಿ ವೇದಿಕೆಯ ಮೇಲೆ ಬಂದು ತುದಿಗಾಲಲ್ಲಿ ಸುತ್ತತೊಡಗಿದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನನ್ನ ಸೆರಗು ಹಿಡಿದು ಜಗ್ಗಿ ಕೇಳಿದಳು: “ಅಕ್ಕೋರ, ಇದ್ಯಾವ ದೇವರ ಸೋಗರಿ?”

“ಪರಿ ಅಂತಾರಬೇ. ಗಾಳ್ಯಾಗ ಹಾರತಾಳ, ಬೇಡಿದ್ದ ಕೊಡತಾಳ.”

ಮುದುಕಿ ಸ್ವಲ್ಪ ಹೊತ್ತು ನೋಡಿ, “ಹಂಗಂದ್ರ ಜಕಣಿ ಅನ್ರಿ” ಎಂದಳು. ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ನಡುವೆ ನಾನು ಈ ಮಾತುಗಳ ಬೆನ್ನು ಹತ್ತಿ ಸ್ವಲ್ಪ ಓದಿದೆ, ಸ್ವಲ್ಪ ಕೇಳಿದೆ. ಅದನ್ನು ಮೊದಲು ಹೇಳುತ್ತೇನೆ.

ಪರಿ ಎಂಬುದು ಪಾರಸಿ ಮಾತು. ಬಿಜಾಪುರದ ಆದಿಲಶಾಹಿ ಕಾಲದಿಂದ ನಮ್ಮ ಸೀಮೆಯಲ್ಲಿ ಪಾರಸಿ, ದಖನಿ ಮಾತುಗಳು ಓಡಾಡಿಕೊಂಡಿವೆ. ಲಖನೌದ ಅಮಾನತ ಎಂಬ ಕವಿ 1853ರ ಸುಮಾರಿಗೆ ಬರೆದ ‘ಇಂದರಸಭಾ’ ನಾಟಕದಲ್ಲಿ ಇಂದ್ರನ ಆಸ್ಥಾನದ ತುಂಬ ಪರಿಗಳೇ. ಪಾರಸಿ ಕಂಪನಿಗಳು ಅದನ್ನು ಊರೂರಿಗೆ ಒಯ್ದವು. ಗುಲೇಬಕಾವಲಿಯ ಕಥೆಯೂ ಪರಿಯ ಕಥೆಯೇ. ಆದರೆ ಈ ಸುಂದರಿಯ ಪೂರ್ವಕಥೆ ಬೇರೆ ಇದೆ. ಪಾರಸಿಗಳ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ‘ಪೈರಿಕಾ’ ಎಂದರೆ ಮಾಟ ಮಾಡುವ ಕೆಟ್ಟ ಹೆಂಗಸು. ಅವಳೇ ನೂರಾರು ವರ್ಷ ಕವಿಗಳ ಬಾಯಲ್ಲಿ ತಿರುಗಿ ತಿರುಗಿ ಚೆಲುವೆ ಪರಿಯಾದಳು. ಕೆಟ್ಟವಳೆನಿಸಿಕೊಂಡವಳು ಒಳ್ಳೆಯವಳಾದಳು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಗ್ಲಿಷಿನ ಫೇರಿ ಮತ್ತು ನಮ್ಮ ಪರಿ, ಕೇಳಲಿಕ್ಕೆ ಅಕ್ಕತಂಗಿಯರಂತಿದ್ದರೂ ಸಂಬಂಧಿಕರಲ್ಲ. ಫೇರಿಯ ಮೂಲ ಲ್ಯಾಟಿನ್ನಿನ ‘ಫಾತಾ’; ಎಂದರೆ ಹಣೆಬರಹದ ದೇವತೆಗಳು. ಅವರು ಕೂಸಿನ ತೊಟ್ಟಿಲ ಹತ್ತಿರ ಬಂದು ಅದರ ಆಯುಷ್ಯ, ಭಾಗ್ಯ ಗೊತ್ತುಮಾಡುತ್ತಾರೆಂದು ಅಲ್ಲಿಯ ಜನ ನಂಬಿದ್ದರು. ಇದನ್ನು ಓದಿದಾಗ ನನಗೆ ನಮ್ಮ ಶೆಟಿವಿ ನೆನಪಾದಳು. ಕೂಸು ಹುಟ್ಟಿದ ಐದನೆಯ ರಾತ್ರಿ ದೀಪ ಆರದಂತೆ ನೋಡಿಕೊಂಡು, ತಲೆದಿಂಬಿನ ಹತ್ತಿರ ಹಾಳೆ, ಲೇಖಣಿಕೆ ಇಟ್ಟು ನಾವು ಕಾಯುವುದು ಅವಳಿಗಾಗಿಯೇ. ಕೆಲವರು ಶೆಟಿಗೆವ್ವ ಅನ್ನುತ್ತಾರೆ. ಮರಾಠಿಯವರು ಸಟವಾಯಿ ಅನ್ನುತ್ತಾರೆ. ಸಂಸ್ಕೃತದ ಷಷ್ಠೀದೇವಿಯೇ ಸವೆದು ಸವೆದು ಹೀಗಾಗಿದ್ದಾಳೆ. “ಶೆಟಿವಿ ಬರದದ್ದ ತಪ್ಪೂದಿಲ್ಲ” ಎಂದು ನಾವು ದಿನಕ್ಕೆ ನಾಲ್ಕು ಸಲ ಅನ್ನುತ್ತೇವೆ. ರೆಕ್ಕೆ ಇಲ್ಲ, ಕೋಲಿಲ್ಲ, ಬಿಳಿ ಫ್ರಾಕಿಲ್ಲ. ಆದರೂ ಹುಟ್ಟಿನ ಲೆಕ್ಕದಲ್ಲಿ ಇಂಗ್ಲಿಷ್ ಫೇರಿಯ ನಿಜವಾದ ಅಕ್ಕ ಇವಳೇ.

ರೆಕ್ಕೆಯ ಮಾತು ಬಂತು. ನಮ್ಮ ಜಿಲ್ಲೆಯ ಐಹೊಳೆಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ನಾನು ಅವರಿಗೆ ಕತ್ತೆತ್ತಿ ನೋಡಲು ಹೇಳುತ್ತೇನೆ. ಚಾಲುಕ್ಯರ ಶಿಲ್ಪಿಗಳು ಕೆತ್ತಿದ ಗಂಧರ್ವ ದಂಪತಿಗಳು ಆಕಾಶದಲ್ಲಿ ಹಾರುತ್ತಿದ್ದಾರೆ. ಯಾರ ಬೆನ್ನಿಗೂ ರೆಕ್ಕೆ ಇಲ್ಲ. ಮಡಚಿದ ಮೊಣಕಾಲು, ಹಿಂದಕ್ಕೆ ಹಾರುವ ಸೆರಗು, ಇಷ್ಟರಲ್ಲೇ ಅವರು ಹಾರುತ್ತಿದ್ದಾರೆಂದು ಮಕ್ಕಳಿಗೆ ತಿಳಿಯುತ್ತದೆ. ಗಂಧರ್ವ ಎಂಬ ಮಾತಿಗೆ ನಮ್ಮಲ್ಲಿ ಇಂದಿಗೂ ಮಾನವಿದೆ. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಬೆಳಗಾವಿ ಹತ್ತಿರದ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠರು ಕುಮಾರ ಗಂಧರ್ವರಾದರು. ಚೆನ್ನಾಗಿ ಹಾಡುವ ಗಂಡಸು ಗಂಧರ್ವ. ಕೂದಲು ಬಿಟ್ಟುಕೊಂಡು ಅಂಗಳಕ್ಕೆ ಬಂದ ಹೆಂಗಸು ಮಾತ್ರ ಜಕಣಿ!

ಗಂಧರ್ವನ ಜೊತೆಯ ಅಪ್ಸರೆ ನಮ್ಮ ಕಡೆ ಬಾವಿಗೆ ಇಳಿದಿದ್ದಾಳೆ. ‘ಅಪ್’ ಎಂದರೆ ನೀರು. ನೀರಿನಲ್ಲಿ ಸರಿದಾಡುವವಳು ಅಪ್ಸರೆ. ಮರಾಠಿ ಸೀಮೆಯಲ್ಲಿ ಬಾವಿ, ಹೊಳೆಗಳ ದಂಡೆಗೆ ‘ಸಾತಿ ಆಸರಾ’ ಎಂದು ಏಳು ಕಲ್ಲು ಇಟ್ಟು ಪೂಜಿಸುತ್ತಾರೆ. ಆ ಆಸರಾ ಎಂಬುದು ಅಪ್ಸರಾ ಎಂಬುದರ ಹಳ್ಳಿಯ ರೂಪ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ರಬಕವಿ, ಇವೆಲ್ಲ 1948ರವರೆಗೆ ಮರಾಠಿ ದರಬಾರಿನ ಊರುಗಳು. ಆದ್ದರಿಂದ ನಮ್ಮ ದೇವರುಗಳೂ ಎರಡು ಭಾಷೆ ಬಲ್ಲವು. ಬೀಳಗಿ ತಾಲೂಕಿನ ನನ್ನ ತವರೂರಿನಲ್ಲಿ ಅವರು ಬರೀ “ಅಕ್ಕತಂಗೇರು”. ಬಾಳಂತಿ ಮೊದಲ ಸಲ ನೀರಿಗೆ ಹೋದಾಗ ಐದು ಹರಳು ತೊಳೆದಿಟ್ಟು, ಅರಿಷಿಣ ಕುಂಕುಮ ಏರಿಸಿ, ಗಂಗವ್ವನ ಜೊತೆ ಅವರಿಗೂ ಕೈಮುಗಿಯಬೇಕು.

ನಮ್ಮ ಆಯಿ ಒಂದು ಕಥೆ ಹೇಳುತ್ತಿದ್ದಳು. ಹಿಂದಕ್ಕೆ ಊರಲ್ಲಿ ಯಾರದಾದರೂ ಮನೆಯಲ್ಲಿ ಮದುವೆಯಾದರೆ, ಹಿಂದಿನ ಸಂಜೆ ಬಾವಿಯ ದಂಡೆಗೆ ಹೋಗಿ, “ಅಕ್ಕಗೋಳ್ರಾ, ಇಷ್ಟ ಕೊಡ ಬೇಕು, ಇಷ್ಟ ಹರಿವಾಣ ಬೇಕು” ಎಂದು ಬೇಡಿಕೊಂಡು ಬಂದರೆ ಸಾಕು. ಮುಂಜಾನೆ ಝಗಝಗ ಹೊಳೆಯುವ ಭಾಂಡೆಗಳು ಮೆಟ್ಟಿಲ ಮೇಲೆ ಇರುತ್ತಿದ್ದವಂತೆ. ಮದುವೆ ಮುಗಿದ ಮೇಲೆ ತಿಕ್ಕಿ ತೊಳೆದು ಅಲ್ಲೇ ಇಡಬೇಕು. ಒಮ್ಮೆ ಒಬ್ಬಳು ಒಂದು ತಂಬಿಗೆ ಇಟ್ಟುಕೊಂಡಳು. ಅಂದಿನಿಂದ ಬಾವಿ ಏನೂ ಕೊಡಲಿಲ್ಲ. ಈ ಕಥೆ ನಮ್ಮೂರಿನದೇ ಅಲ್ಲ. ಕನ್ನಡ, ಮರಾಠಿ ಸೀಮೆಗಳಲ್ಲಿ ಎಷ್ಟೋ ಕೆರೆ ಬಾವಿಗಳ ಬಗ್ಗೆ ಹೀಗೇ ಹೇಳುತ್ತಾರೆ. ಭಾಂಡೆ ಎರವಲು ತರದೆ ಮಗಳ ಮದುವೆ ಮಾಡಲಾಗದ ಬಡವರು ಕಟ್ಟಿದ ಕಥೆ ಇದು ಎಂದು ನನಗೆ ಅನಿಸುತ್ತದೆ. ಸಾಹುಕಾರರ ಮನೆಯ ಬಾಗಿಲಲ್ಲಿ ನಿಂತು ಕೇಳುವುದಕ್ಕಿಂತ ಬಾವಿಯನ್ನು ಕೇಳುವುದು ಮರ್ಯಾದೆಯಲ್ಲವೇ?

ಇನ್ನು ಮರುಳು. “ಮರುಳ ಮಾಡ್ಯಾಳ”, “ಹುಚ್ಚ ಮರುಳ” ಎಂದು ನಾವು ಬಳಸುವ ಈ ಮಾತು ಹಳಗನ್ನಡದಲ್ಲಿ ಭೂತ ಪಿಶಾಚಿಗಳ ಹೆಸರು. ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ರಣರಂಗದಲ್ಲಿ ನಡೆಸುವಾಗ, ಹೆಣ ತಿನ್ನಲು ಬಂದ ಮರುಳುಗಳನ್ನು ಅವನಿಗೆ ಎದುರು ನಿಲ್ಲಿಸುತ್ತಾನೆ. ಮರುಳು ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಹಾಗಾದರೆ ಇಲ್ಲಿ ನಿಜವಾದ ಮರುಳು ಯಾರು ಎಂದು ಆ ಪಿಶಾಚಿ ಚಕ್ರವರ್ತಿಯನ್ನೇ ಕೆಣಕುತ್ತದೆ. ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದ ಊರಿನವನು ಕೇಳಿಸಿದ ಪ್ರಶ್ನೆ ಇದು. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗಲೆಲ್ಲ ನನ್ನ ಅವ್ವನ ನೆನಪಾಗುತ್ತದೆ.

ಆದರೆ ಅವ್ವನಿಗಿಂತ ಮೊದಲು ಜಕಣಿಯ ಮಾತು ಮುಗಿಸಬೇಕು. ಸಂಸ್ಕೃತದ ಯಕ್ಷಿಣಿ ಪ್ರಾಕೃತದ ಬಾಯಲ್ಲಿ ಜಕ್ಖಿಣಿಯಾದಳು, ಕನ್ನಡದಲ್ಲಿ ಜಕ್ಕಿಣಿ, ನಮ್ಮ ಕಡೆ ಜಕಣಿ. ಜಾತ್ರೆಯಲ್ಲಿ ಇಸ್ಪೀಟಿನ ಎಲೆ ಮಾಯ ಮಾಡುವವನ ವಿದ್ಯೆಗೂ ಯಕ್ಷಿಣಿ ಎಂದೇ ಹೆಸರು. ಒಂದು ಕಾಲಕ್ಕೆ ಯಕ್ಷಿ ದೊಡ್ಡ ದೇವತೆ. ಜೈನ ಬಸದಿಗಳಲ್ಲಿ ಪದ್ಮಾವತಿ, ಜ್ವಾಲಾಮಾಲಿನಿ, ಅಂಬಿಕೆ ಇವರೆಲ್ಲ ಯಕ್ಷಿಯರೇ. ಐಹೊಳೆಯ ಗುಡ್ಡದ ಮೇಲೆ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಮೇಗುಟಿ ಬಸದಿಯಲ್ಲಿ ದೊರೆತ ಅಂಬಿಕೆಯ ಮೂರ್ತಿಯನ್ನು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಹೆಣ್ಣುಮಕ್ಕಳಿಗೆ ಜಕ್ಕಬ್ಬೆ, ಜಕ್ಕಿಯಬ್ಬೆ ಎಂದು ಪ್ರೀತಿಯಿಂದ ಹೆಸರಿಡುತ್ತಿದ್ದರು. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೆಯ ಶತಮಾನದ ಮೊದಲಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ ಹೆಸರು ಶಾಸನದಲ್ಲಿದೆ. ಜಕ್ಕವ್ವ ಎಂಬ ಹೆಸರಿನ ಮುದುಕಿಯರನ್ನು ನಾನೂ ಕಂಡಿದ್ದೇನೆ.

ಆ ಅಂಬಿಕೆಯ ಕಥೆ ಜೈನ ಗ್ರಂಥಗಳಲ್ಲಿ ಹೀಗಿದೆ. ಅವಳು ಮೊದಲು ನಮ್ಮ ನಿಮ್ಮಂತೆ ಒಬ್ಬ ಗೃಹಿಣಿ. ಮನೆಯಲ್ಲಿ ಶ್ರಾದ್ಧದ ಅಡಿಗೆಯಾಗಿತ್ತು. ಬ್ರಾಹ್ಮಣರ ಊಟಕ್ಕೆ ಮೊದಲೇ ಹಸಿದು ಬಂದ ಜೈನ ಮುನಿಗೆ ಆಕೆ ನೀಡಿಬಿಟ್ಟಳು. ಗಂಡನಿಗೆ ಸಿಟ್ಟು ಬಂತು. ಎರಡು ಕೂಸುಗಳ ಸಮೇತ ಮನೆಯಿಂದ ಹೊರಹಾಕಿದ. ಆಮೇಲೆ ಅವನಿಗೆ ಪಶ್ಚಾತ್ತಾಪವಾಗಿ ಕರೆತರಲು ಹಿಂದೆ ಹೊರಟ. ಹೊಡೆಯಲು ಬಂದನೆಂದು ಹೆದರಿ ಅವಳು ಪ್ರಾಣ ಬಿಟ್ಟಳು. ಬಾವಿಗೆ ಹಾರಿದಳೆಂದು ಒಂದು ಪಾಠ. ಸತ್ತ ಮೇಲೆ ಯಕ್ಷಿಯಾದಳು. ಗಂಡ ಸಿಂಹವಾಗಿ ಹುಟ್ಟಿ ಅವಳ ವಾಹನವಾದ. ಬದುಕಿದ್ದಾಗ ಹೊರಗೆ ಹಾಕಿಸಿಕೊಂಡವಳು ಸತ್ತ ಮೇಲೆ ದೇವತೆ!

ನಮ್ಮ ಮನೆಗಳ ಜಕಣಿಯೂ ಇವಳ ಮಗಳೇ. ಮುತ್ತೈದೆಯಾಗಿ, ಹೆಚ್ಚಾಗಿ ಹೆರಿಗೆಯಲ್ಲಿ, ಸತ್ತ ಹೆಣ್ಣು ಜಕಣಿಯಾಗುತ್ತಾಳೆಂದು ನಂಬಿಕೆ. ಗಂಡ ಎರಡನೆಯ ಮದುವೆಯಾದರೆ ಬಂದ ಹೆಂಡತಿ ಸತ್ತವಳ ಮುಖ ತಟ್ಟಿದ ಸಣ್ಣ ತಗಡನ್ನು ತಾಳಿಯ ಜೊತೆಗೆ ಕಟ್ಟಿಕೊಳ್ಳಬೇಕು. ಹಬ್ಬದಲ್ಲಿ ಅವಳ ಹೆಸರಲ್ಲಿ ಸೀರೆ ಇಟ್ಟು, ಎಡೆ ಹಿಡಿದು, ಆಮೇಲೆ ಆ ಸೀರೆಯನ್ನು ತಾನು ಉಡಬೇಕು. ಪಾರಸಿಗಳ ಪೈರಿಕೆ ಚೆಲುವೆಯಾದಳು. ನಮ್ಮ ಯಕ್ಷಿ ದೇವತೆಯ ಪೀಠದಿಂದ ಇಳಿದು ಅಡಿಗೆಮನೆಯ ಮೂಲೆಯ ಅಂಜಿಕೆಯಾದಳು.

ನಮ್ಮ ಅವ್ವ ಎರಡನೆಯ ಸಂಬಂಧದವಳು. ಅವಳ ಕೊರಳಲ್ಲಿ ಗುಳದಾಳಿಯ ಮಗ್ಗುಲಿಗೆ ಬೆಳ್ಳಿಯ ತಗಡೊಂದು ಇತ್ತು. ಅದರ ಮೇಲೆ ಎರಡು ಕಣ್ಣು, ಒಂದು ಮೂಗು. ಸಣ್ಣವಳಿದ್ದಾಗ ನಾನು ಅವ್ವನ ತೊಡೆಯ ಮೇಲೆ ಮಲಗಿ ಆ ಕಣ್ಣುಗಳ ಜೊತೆ ಆಡುತ್ತಿದ್ದೆ. “ಯಾರಬೇ ಇಕಿ?” ಎಂದರೆ, “ಹಿರ್ಯಾಕಿ” ಎನ್ನುತ್ತಿದ್ದಳು. ಅಷ್ಟೇ.

1976ರಲ್ಲಿ ನನ್ನ ತಮ್ಮ ಹುಟ್ಟಿದ. ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ ಅವ್ವ ಮಾತು ಬಿಟ್ಟಳು. ಕೂಸು ಅತ್ತರೆ ಗೋಡೆಯ ಕಡೆ ಹೊರಳುತ್ತಿದ್ದಳು. ರಾತ್ರಿ ಎದ್ದು ಕುಳಿತು ತನ್ನಷ್ಟಕ್ಕೆ ಅಳುತ್ತಿದ್ದಳು. ಹಿಂದಿನ ವರ್ಷ ಸೀರೆ ಇಟ್ಟಿರಲಿಲ್ಲ, ಜಕಣಿ ಮುನಿದಾಳೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ದೆವ್ವ ಬಿಡಿಸುವವನೊಬ್ಬನನ್ನು ಕರೆತಂದರು. ಕೆಂಡದ ಮೇಲೆ ಮೆಣಸಿನಕಾಯಿ ಹಾಕಿ ಹೊಗೆ ಕೊಟ್ಟರು. ಬೇವಿನ ಬರಲಿನಿಂದ ಹೊಡೆಯುತ್ತ, “ಯಾರ ನೀ? ಹೆಸರ ಹೇಳು” ಎಂದು ಅವನು ಕೂಗುತ್ತಿದ್ದ. ಏಳು ವರ್ಷದ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅವ್ವ ಹೆಸರು ಹೇಳಲಿಲ್ಲ. ಹೇಳುವುದಾದರೂ ಹೇಗೆ? ಆ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಉಚ್ಚರಿಸುತ್ತಿರಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಅವ್ವ ತಾನೇ ಸುಧಾರಿಸಿದಳು. ಬಿಡಿಸುವವನಿಗೆ ಕೀರ್ತಿ ಬಂತು. ಬೆನ್ನ ಮೇಲಿನ ಬರೆ ಮಾಯ್ದರೂ ಅವ್ವ ಮುಂದೆ ಎಂದೂ ಗಟ್ಟಿಯಾಗಿ ನಗಲಿಲ್ಲ. ನಾನು ಬಿ.ಎಡ್. ಮಾಡಿ ಮನಶ್ಶಾಸ್ತ್ರದ ಪುಸ್ತಕ ಹಿಡಿದ ಮೇಲೆ, ಹೆರಿಗೆಯಾದ ಹೆಂಗಸಿಗೆ ಇಂಥ ಖಿನ್ನತೆ ಬರುವುದುಂಟು, ಅದು ರೋಗ, ಅದಕ್ಕೆ ಔಷಧವಿದೆ ಎಂದು ತಿಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಇದು ನಮ್ಮ ದೇಶದ ಪಾಪ ಮಾತ್ರ ಎಂದುಕೊಳ್ಳಬೇಡಿರಿ. ಫೇರಿಗಳ ತವರಾದ ಐರ್ಲೆಂಡಿನಲ್ಲಿ 1895ರ ಮಾರ್ಚಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ 26 ವರ್ಷದ ಹೆಂಗಸು ಕಾಯಿಲೆ ಬಿದ್ದಳು. ಹೊಲಿಗೆ ಯಂತ್ರ ಇಟ್ಟುಕೊಂಡು, ಕೋಳಿ ಸಾಕಿ ತತ್ತಿ ಮಾರಿ, ಸ್ವಂತ ನಾಲ್ಕು ಕಾಸು ಗಳಿಸುತ್ತಿದ್ದ ಜಾಣೆ. ಇವಳು ನನ್ನ ಹೆಂಡತಿಯಲ್ಲ, ಅವಳನ್ನು ಫೇರಿಗಳು ಒಯ್ದು ಬದಲಿಯವಳನ್ನು ಇಟ್ಟು ಹೋಗಿದ್ದಾರೆ ಎಂದು ಗಂಡ ಹಟ ಹಿಡಿದ. ಸಂಬಂಧಿಕರು ಕೈಕಾಲು ಹಿಡಿದರು, ಗಿಡಮೂಲಿಕೆ ಬಾಯಿಗೆ ತುರುಕಿದರು, ನಿನ್ನ ಹೆಸರು ಹೇಳು ಎಂದು ಮೂರು ಮೂರು ಸಲ ಕೇಳಿದರು. ಕೊನೆಗೆ ಗಂಡ ಅವಳನ್ನು ಸುಟ್ಟುಬಿಟ್ಟ. ಅವನಿಗೆ 20 ವರ್ಷದ ಶಿಕ್ಷೆಯಾಯಿತು. 15 ವರ್ಷಕ್ಕೆ ಬಿಡುಗಡೆಯಾದ. ಅಲ್ಲಿ ಕೇಳಿದ್ದೂ “ಹೆಸರು ಹೇಳು” ಎಂದೇ! ಓದುತ್ತ ನನ್ನ ಕೈ ನಡುಗಿತು.

ಇಷ್ಟೆಲ್ಲ ತಿಳಿದ ನಾನು ಮಾಡಿದ್ದೇನು? ಅದನ್ನೂ ಹೇಳಿಬಿಡುತ್ತೇನೆ. ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ಹೊತ್ತಿಗೆ ಪದೇ ಪದೇ ಎಚ್ಚರ ತಪ್ಪಿ ಬೀಳತೊಡಗಿದಳು. ಬೇಲಿಯ ಮಗ್ಗುಲಿನ ಹುಣಸೆಮರದ ಗಾಳಿ ಸೋಕಿದೆ ಎಂದು ಶಿಕ್ಷಕರ ಕೋಣೆಯಲ್ಲೇ ಮಾತು ಹುಟ್ಟಿತು. ಉಳಿದ ಹುಡುಗಿಯರು ಅವಳ ಪಕ್ಕ ಕೂಡಲು ಅಂಜಿದರು. ಅವಳ ತಾಯಿ ಬಂದು, “ಅಕ್ಕೋರ, ನೀವರ ಹೇಳ್ರಿ, ಏನ ಮಾಡ್ಲಿ?” ಎಂದು ನನ್ನನ್ನೇ ಕೇಳಿದಳು. ಹೊಸ ನೌಕರಿ, ಹಿರಿಯರ ಎದುರು ಎದ್ದು ಮಾತಾಡುವ ಧೈರ್ಯವಿಲ್ಲ. “ನಿಮಗ ಹೆಂಗ ತಿಳೀತದ ಹಂಗ ಮಾಡ್ರಿ” ಎಂದುಬಿಟ್ಟೆ. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಆ ಬೇಸಿಗೆಯಲ್ಲೇ ಮದುವೆ ಮಾಡಿಕೊಟ್ಟರು. ಮುಟ್ಟಿನಲ್ಲಿ ಅವಳಿಗೆ ವಿಪರೀತ ರಕ್ತ ಹೋಗುತ್ತಿತ್ತು, ಮುಂಜಾನೆ ಏನೂ ತಿನ್ನದೆ ಬರುತ್ತಿದ್ದಳು ಎಂದು ಅವಳ ಗೆಳತಿ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ದವಾಖಾನೆಗೆ ಕರಕೊಂಡು ಹೋಗ್ರಿ ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಾಗಿತ್ತು. ಹೊಡೆದು ಬಡಿದು ದೆವ್ವ ಬಿಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಕಾನೂನು ಆಯಿತು, 2020ರಿಂದ ಜಾರಿಯಲ್ಲಿದೆ. ಒಳ್ಳೆಯದೇ ಆಯಿತು. ಆದರೆ ಹುಡುಗಿಗೆ ಗಾಳಿ ಸೋಕಿದೆ ಎಂಬ ಮಾತು ಶುರುವಾದಾಗ ಅಲ್ಲಿರುವವಳು ನನ್ನಂಥ ಅಕ್ಕೋರು. ಕಾನೂನು ಬರುವುದು ಬಹಳ ಹಿಂದಿನಿಂದ.

ಈಗ ಹೆಸರಿನ ಮಾತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು 2006ರಲ್ಲಿ ಅಬ್ದುಲ್ ಕಲಾಂ ಅವರ ಕೈಯಿಂದ ನಾಡಿಗೆ ಅರ್ಪಣೆಯಾಯಿತು. ಅದಕ್ಕೂ ಕೆಲವು ವರ್ಷ ಮೊದಲೇ ನಮ್ಮ ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳು ಎದ್ದು ಗುಡ್ಡದ ಕಡೆ ಹೊರಟಿದ್ದವು. ನಮ್ಮ ತವರುಮನೆಯೂ ಹೊರಟಿತು. ಅಪ್ಪ ಆಗಲೇ ತೀರಿಕೊಂಡಿದ್ದ. ಸಾಮಾನು ಕಟ್ಟಲು ನಾನು ಹೋಗಿದ್ದೆ. ಅಟ್ಟದ ಮೂಲೆಯಲ್ಲಿ ಗೋಣಿತಟ್ಟು ಸುತ್ತಿದ ಹಿತ್ತಾಳಿ ಕೊಡವೊಂದು ಸಿಕ್ಕಿತು. “ಅದ ಹಿರ್ಯಾಕಿ ಕೊಡ, ಮುಟ್ಟಬ್ಯಾಡ” ಎಂದಳು ಅವ್ವ. ಹುಣಸೆಹಣ್ಣು ಹಚ್ಚಿ ಕಂಠವನ್ನು ತಿಕ್ಕಿದೆ. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಮೇಲೆ ಬಂದವು. ಬಾಲಬೋಧ ಲಿಪಿ. ಮಿರಜದ ಕಡೆಯ ಪೇಟೆಯಲ್ಲಿ ಕೊಂಡ ಕೊಡವಿರಬೇಕು. ಅವಳ ಹೆಸರು, ತಂದೆಯ ಹೆಸರು, ಊರು ಎಲ್ಲ ಇತ್ತು. ಇಷ್ಟು ವರ್ಷ ಅದು ಅಟ್ಟದ ಮೇಲೆಯೇ ಕುಳಿತಿತ್ತು. ಇಳಿಸಿ ಓದುವವರು ಇರಲಿಲ್ಲ.

ನಾನು ಗಟ್ಟಿಯಾಗಿ ಓದಿದೆ. ಅವ್ವ ಕೈಯಲ್ಲಿದ್ದ ಗಂಟು ಕೆಳಗಿಟ್ಟು ಕುಳಿತಳು. ಆ ಹೆಸರನ್ನು ಎರಡು ಸಲ ಮೆಲ್ಲಗೆ ತಾನೂ ಅಂದಳು. ಆಮೇಲೆ, “ಮೂವತ್ತೈದು ವರ್ಷ ಆಕೀನ್ನ ಕೊರಳಾಗ ಕಟಗೊಂಡ ಅಡ್ಡಾಡೀನಿ. ಹೆಸರ ಗೊತ್ತಿರಲಿಲ್ಲ ನೋಡವಾ” ಎಂದು ಕಣ್ಣೊರೆಸಿಕೊಂಡಳು. ಬದಿಯಲ್ಲಿದ್ದ ನಮ್ಮ ಮುದುಕಿ ಅತ್ತಿ ಆಗ ಬಾಯಿಬಿಟ್ಟಳು. ಹದಿನೇಳು ವರ್ಷದ ಹುಡುಗಿ, ಚೊಚ್ಚಲ ಹೆರಿಗೆ, ಹೊಳೆಗೆ ಮಹಾಪೂರ ಬಂದು ಚಕ್ಕಡಿ ದಾಟಲಿಲ್ಲ. ಕೂಸೂ ಉಳಿಯಲಿಲ್ಲ. ಚೆನ್ನಾಗಿ ಹಂತಿಯ ಹಾಡು ಹೇಳುತ್ತಿದ್ದಳಂತೆ. ಇಷ್ಟು ವರ್ಷ ನಾವು ಅಂಜಿದ್ದು ಈ ಹುಡುಗಿಗೆ!

ಅಕ್ಕತಂಗೇರ ಬಾವಿ ಈಗ ಹಿನ್ನೀರಿನ ಕೆಳಗಿದೆ. ಅವ್ವನೂ ಹೋದಳು. ಹೋಗುವ ಮೊದಲು ಆ ಬೆಳ್ಳಿಯ ತಗಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕೊಡದ ಕೊರಳಿಗೆ ಕಟ್ಟಿ ದೇವರ ಜಗಲಿಯ ಮಗ್ಗುಲಿಗೆ ಇಟ್ಟಿದ್ದೇನೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಮನೆಯ ಹುಡುಗಿಯ ಹೆಸರು.

ಜಕಣಿ ಉಂಟೋ ಇಲ್ಲವೋ ಎಂದು ಕೇಳಿದರೆ, ದೆವ್ವ ಇಲ್ಲವೆಂದು ನಾನು ಮಕ್ಕಳಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಸೀರೆ ಇಡುವುದನ್ನು ಬಿಟ್ಟಿಲ್ಲ. ದೀಪಾವಳಿಗೆ ಮೊದಲು ಬನಹಟ್ಟಿಗೆ ಹೋಗಿ ನೇಕಾರರ ಮನೆಯಿಂದಲೇ ಒಂದು ನೂಲಿನ ಸೀರೆ ತರುತ್ತೇನೆ. ಹೋದ ವರ್ಷ ನನ್ನ ತಮ್ಮನ ಸೊಸೆ ಬಾಳಂತಿಯಾಗಿದ್ದಳು. ಸೀರೆ ಅವಳಿಗೆ ಉಡಿಸಿದೆವು. “ಇದ ಯಾರ ಸೀರಿರಿ ಅತ್ತಿ?” ಎಂದು ಅವಳು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಮಗಳು ಆ ಹೆಸರು ಹೇಳಿ, “ನಮ್ಮ ದೊಡ್ಡ ಆಯಿ” ಎಂದಳು. ಕೂಸು ಅತ್ತಿತು. ಬಾಳಂತಿ ಹೊಸ ಸೆರಗಿನ ಮರೆಯಲ್ಲಿ ಅದಕ್ಕೆ ಹಾಲು ಕೊಟ್ಟಳು. ಮುಂದಿನ ವಾರ ಅವಳನ್ನು ಡಾಕ್ಟರ ಬಾಯಿಯವರ ಕಡೆ ತೋರಿಸಿಕೊಂಡು ಬರಲು ನಾನೇ ಹೋದೆ.